ಇನ್‌ಫ್ಲುಯೆಂಜಾ ಜ್ವರವೂ ಕೊರೋನಾ ಜ್ವರವೂ

ಕಮಲನಗರ, ಭಾಲ್ಕಿ, ಔರಾದ ಸೀಮೆಯಲ್ಲಿ ತೊಗರಿಯ ರಾಶಿ ನಡೆಯುವಾಗ ಆಳುಗಳು ಜ್ವರ, ಕೆಮ್ಮುಗಳಿಂದ ಮಲಗುವುದುಂಟು. ಅದು ವರ್ಷವರ್ಷವೂ ಬರುವ ಇನ್‌ಫ್ಲುಯೆಂಜಾವೋ ಕೊರೋನಾವೋ ಎಂಬ ಸಂಶಯವು ಸಹಜವು. 2020ನೆಯ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿದುದೇ ಭಾರತದಲ್ಲಿ ಕೊರೋನಾದಿಂದಾದ ಮೊದಲ ಮರಣವು. ಪರೀಕ್ಷೆಯ ಫಲವು ಪ್ರಕಟವಾದುದು ಎರಡು ದಿನಗಳ ತರುವಾಯ.

ಇನ್‌ಫ್ಲುಯೆಂಜಾವು ಸೋಂಕಿದ 1ರಿಂದ 4 ದಿನಗಳೊಳಗೆ ಫಕ್ಕನೆ ಏರುತ್ತದೆ. ಮುಂಜಾನೆ ಕುಡುಗೋಲು ಹಿಡಿದವನು ಸಂಜೆಗೆ ಮೈಕೈ ನೋವಿನಿಂದ ಏಳಲಾರನು. ಕೊರೋನಾವು 14 ದಿನಗಳವರೆಗೂ ಹುದುಗಿರಬಹುದು. ಮೂಗು ಕಟ್ಟದೆಯೇ ವಾಸನೆ, ರುಚಿಗಳು ಅಳಿದರೆ ಕೊರೋನಾದ ಶಂಕೆ ಹೆಚ್ಚು. ಆದರೆ 2022ರಿಂದೀಚೆಗೆ ಈ ಗುರುತು ವಿರಳವಾಗಿರುತ್ತದೆ. ಉಳಿದ ಲಕ್ಷಣಗಳು ಬಹುಮಟ್ಟಿಗೆ ಸಮಾನ. ತೊಗರಿ ಬಾಡಿದ ಮಾತ್ರಕ್ಕೆ ಸೊರಗುರೋಗವೆನ್ನಲಾಗದು; ಕಾಂಡವನ್ನು ಸೀಳಿ ಒಳಗಿನ ಕಂದು ಗೆರೆಯನ್ನು ಕಾಣಬೇಕಷ್ಟೆ. ಇಲ್ಲಿಯೂ ಮೂಗು, ಗಂಟಲುಗಳ ದ್ರವದ ಪರೀಕ್ಷೆಯಿಂದಲೇ ನಿಶ್ಚಯವು.

ಪರೀಕ್ಷೆಗೆ ತಡಮಾಡತಕ್ಕದ್ದಲ್ಲ. ಇನ್‌ಫ್ಲುಯೆಂಜಾಕ್ಕೆ ವೈದ್ಯರು ಕೊಡುವ ಒಸೆಲ್ಟಾಮಿವಿರ್ ಔಷಧವು ಮೊದಲ 48 ಗಂಟೆಗಳೊಳಗೆ ಆರಂಭವಾದರೆ ಹೆಚ್ಚು ಗುಣಕಾರಿ. ಕೊರೋನಾಕ್ಕೆ ಅದು ನಿರುಪಯೋಗಿ. ಕೂಲಿ ತಪ್ಪೀತೆಂಬ ಭಯದಿಂದಲೇ ಆಳುಗಳು ಜ್ವರವನ್ನು ಮುಚ್ಚಿಟ್ಟು ಕಣಕ್ಕೆ ಬರುತ್ತಾರೆಂಬುದನ್ನು ಜಮೀನುದಾರರು ಮನಗಾಣಬೇಕು. ವೃದ್ಧರಿಗೆ, ಗರ್ಭಿಣಿಯರಿಗೆ, ಸಿಹಿಮೂತ್ರ ರೋಗಿಗಳಿಗೆ ಜ್ವರ ಬಂದೊಡನೆ ವೈದ್ಯರಿಗೆ ತೋರಿಸತಕ್ಕದ್ದು. ಯಾರಿಗೇ ಆಗಲಿ ಏದುಸಿರು ಕಂಡರೆ ಗೌಡರು ವಾಹನವನ್ನು ಒದಗಿಸಿ ಆಗಲೇ ಆಸ್ಪತ್ರೆಗೆ ಕಳುಹಿಸತಕ್ಕದ್ದು.