ಕಡತಗಳ ಕಪಾಟು: ಕೋಡ್ ಎಡಿಟರಿನಲ್ಲಿ ಒಂದು ಪಾಠ

ಕನ್ನಡ ಮಾಧ್ಯಮದಲ್ಲಿ ಅಕ್ಷರ ಕಲಿತ ನಮ್ಮ ಶಾಲೆಯ ಅನೇಕರು ಇಂದು ಗಣಕಯಂತ್ರವನ್ನೇ ವೃತ್ತಿಯಾಗಿ ಸ್ವೀಕರಿಸಿದ್ದಾರೆ. ನಾನೂ ಅವರಲ್ಲೊಬ್ಬ. ಪ್ರೋಗ್ರಾಂ ಬರೆಯಲು ತೊಡಗುವ ಮಕ್ಕಳಿಗೆ ಮೊದಲು ತೊಡಕಾಗುವುದು ಕಡತಗಳ ವ್ಯವಸ್ಥೆ ಎಂಬುದನ್ನು ನಾನು ಗಮನಿಸಿದ್ದೇನೆ. ಬರೆದುದು ಸರಿಯಿದ್ದರೂ ಅದನ್ನು ಇಟ್ಟ ಸ್ಥಳ ತಪ್ಪಿದರೆ ಕೆಲಸ ನಿಲ್ಲುತ್ತದೆ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಅದೊಂದನ್ನೇ ವಿವರಿಸಲು ಯತ್ನಿಸುತ್ತೇನೆ.

ಉದಾಹರಣೆಗೆ, ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಹೊರತಂದ, ಉಚಿತವಾಗಿ ದೊರೆಯುವ ‘ವಿಷುವಲ್ ಸ್ಟುಡಿಯೋ ಕೋಡ್’ ಎಂಬ ಎಡಿಟರನ್ನು ಗಮನಿಸೋಣ. ನಮ್ಮ ಶಾಲೆಯ ಐವತ್ತು ವರ್ಷಗಳ ವಾರ್ಷಿಕ ವರದಿಗಳನ್ನೂ ಭಾವಚಿತ್ರಗಳನ್ನೂ ಜಾಲಪುಟಗಳಾಗಿ ಜೋಡಿಸುವ ಕೆಲಸ ನಮ್ಮ ಮುಂದಿದೆ ಎಂದು ಭಾವಿಸೋಣ.

ಪಟ್ಟಿಯ ಸ್ವರೂಪ

‘ಫೈಲ್’ ಮೆನುವಿನಲ್ಲಿ ‘ಓಪನ್ ಫೋಲ್ಡರ್’ ಆರಿಸಿ ‘ಶಾಲೆ’ ಎಂಬ ಫೋಲ್ಡರನ್ನು ತೆರೆದರೆ, ಎಡಬದಿಯ ‘ಎಕ್ಸ್‌ಪ್ಲೋರರ್’ ಪಟ್ಟಿಯಲ್ಲಿ ಅದರೊಳಗಿರುವುದೆಲ್ಲ ಕಾಣುತ್ತದೆ. ಪಟ್ಟಿ ಕಾಣದಿದ್ದರೆ ಕಂಟ್ರೋಲ್, ಶಿಫ್ಟ್ ಮತ್ತು ‘ಇ’ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಈ ಪಟ್ಟಿ ಗ್ರಂಥಾಲಯದ ಸೂಚಿಪುಸ್ತಕದಂತಲ್ಲ. ಸೂಚಿಯಲ್ಲಿ ಹೆಸರನ್ನು ಹೊಡೆದುಹಾಕಿದರೂ ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಇದಾದರೋ ಕಪಾಟೇ ಆಗಿದೆ. ಇಲ್ಲಿ ಮಾಡಿದ ಬದಲಾವಣೆ ಡಿಸ್ಕಿನಲ್ಲಿಯೇ ಆಗುತ್ತದೆ.

ಸೃಷ್ಟಿ ಮತ್ತು ನಾಮಕರಣ

ಪಟ್ಟಿಯ ಮೇಲ್ಭಾಗದ ಚಿಹ್ನೆಗಳಿಂದ ಹೊಸ ಕಡತವನ್ನೂ ಹೊಸ ಫೋಲ್ಡರನ್ನೂ ರಚಿಸಬಹುದು. ಹೊಸ ಕಡತಕ್ಕೆ ಹೆಸರು ಕೊಡುವಾಗ ‘ವರದಿಗಳು/1985/ಮುನ್ನುಡಿ’ ಎಂದು ಓರೆಗೆರೆ ಸಹಿತ ಬರೆದರೆ ನಡುವಿನ ಫೋಲ್ಡರುಗಳೂ ತಾವಾಗಿ ಉಂಟಾಗುತ್ತವೆ. ಹೆಸರು ಬದಲಿಸಲು ಎಫ್2 ಕೀಲಿ ಇದೆ. ‘ಹೊಸದು’, ‘ಕೊನೆಯದು’ ಎಂಬ ಹೆಸರುಗಳು ಆರು ತಿಂಗಳಲ್ಲಿ ಅರ್ಥ ಕಳೆದುಕೊಳ್ಳುತ್ತವೆ. ವರ್ಷವನ್ನೂ ವಿಷಯವನ್ನೂ ಸೂಚಿಸುವ ಹೆಸರು ಮುಂದಿನ ಪೀಳಿಗೆಗೂ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಹೆಸರಿಡುವುದಾದರೆ ಎಲ್ಲವೂ ಸಣ್ಣ ಅಕ್ಷರಗಳಲ್ಲಿರುವುದು ಕ್ಷೇಮ. ದೊಡ್ಡಕ್ಷರ, ಸಣ್ಣಕ್ಷರಗಳ ಭೇದವನ್ನು ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಮನೆಯ ಗಣಕದಲ್ಲಿ ಕಂಡ ಚಿತ್ರವು ಲಿನಕ್ಸ್ ಸರ್ವರಿಗೆ ಹೋದಾಗ ಕಾಣದಾಗುವುದಕ್ಕೆ ಇದೂ ಒಂದು ಕಾರಣ.

ಸ್ಥಳಾಂತರ

ಕಡತವನ್ನು ಮೌಸಿನಿಂದ ಎಳೆದು ಬೇರೊಂದು ಫೋಲ್ಡರಿನ ಮೇಲೆ ಬಿಟ್ಟರೆ, ಎಡಿಟರು ಒಮ್ಮೆ ಕೇಳಿ ಅನಂತರ ಸ್ಥಳಾಂತರಿಸುತ್ತದೆ. ಸುಲಭವೆನಿಸುವ ಈ ಕೆಲಸದಲ್ಲಿಯೇ ಹೆಚ್ಚಿನ ಎಚ್ಚರ ಬೇಕು. ಪುಟವೊಂದು ಚಿತ್ರವನ್ನು ಕರೆಯುವುದು ಅದರ ವಿಳಾಸದ ಮೂಲಕ. ‘ಚಿತ್ರಗಳು’ ಫೋಲ್ಡರಿನಲ್ಲಿದ್ದ ಹಳೆಯ ಅಧ್ಯಾಪಕರ ಭಾವಚಿತ್ರವನ್ನು ‘ಅಧ್ಯಾಪಕರು’ ಫೋಲ್ಡರಿಗೆ ಸರಿಸಿದರೆ, ಪುಟವು ಹಳೆಯ ವಿಳಾಸದಲ್ಲೇ ಹುಡುಕಿ ಬರಿಗೈಯಲ್ಲಿ ಮರಳುತ್ತದೆ. ಜಾವಾಸ್ಕ್ರಿಪ್ಟ್ ಕಡತಗಳನ್ನು ಸರಿಸಿದಾಗ ಆಮದು ವಿಳಾಸಗಳನ್ನು ತಿದ್ದಲೇ ಎಂದು ಎಡಿಟರು ಕೇಳುವುದುಂಟು. ಸಾಮಾನ್ಯ ಎಚ್‌ಟಿಎಂಎಲ್ ಪುಟಗಳಲ್ಲಿ ಆ ಹೊಣೆ ನಮ್ಮದೇ. ಆದ್ದರಿಂದ ಸರಿಸುವ ಮೊದಲು ಕಂಟ್ರೋಲ್, ಶಿಫ್ಟ್ ಮತ್ತು ‘ಎಫ್’ ಒತ್ತಿ, ಆ ಕಡತದ ಹೆಸರು ಎಲ್ಲೆಲ್ಲಿ ಬಂದಿದೆಯೆಂದು ಹುಡುಕಿಕೊಳ್ಳಬೇಕು. ತಪ್ಪಾಗಿ ಸರಿಸಿದ್ದಾದರೆ, ಪಟ್ಟಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ ಕಂಟ್ರೋಲ್ ಮತ್ತು ‘ಝಡ್’ ಒತ್ತಿ ಹಿಂಪಡೆಯಬಹುದು.

ಅಳಿಸುವಿಕೆ

ಡಿಲೀಟ್ ಕೀಲಿ ಒತ್ತಿದರೆ ಕಡತವು ಸಾಮಾನ್ಯವಾಗಿ ವಿಂಡೋಸಿನ ಕಸದ ಬುಟ್ಟಿಗೆ ಹೋಗುತ್ತದೆ. ಅಲ್ಲಿಂದ ಮರಳಿ ತರಬಹುದು. ಶಿಫ್ಟ್ ಸೇರಿಸಿ ಒತ್ತಿದರೆ ಶಾಶ್ವತವಾಗಿ ಅಳಿಯುತ್ತದೆ. ಪೆನ್‌ಡ್ರೈವಿನಿಂದ ನೇರವಾಗಿ ಕೆಲಸ ಮಾಡುವಾಗ ಬುಟ್ಟಿಯ ರಕ್ಷಣೆಯೂ ದೊರೆಯದಿರಬಹುದು. ಫೋಲ್ಡರನ್ನು ಅಳಿಸಿದರೆ ಒಳಗಿನದೆಲ್ಲವೂ ಜೊತೆಗೇ ಹೋಗುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲ ದಿನವೇ ತಿಳಿಸಬೇಕು.

ಇಷ್ಟೆಲ್ಲ ಎಚ್ಚರಿಕೆ ಏಕೆಂದು ಕೆಲವರು ಕೇಳಬಹುದು. ಕೊಂಡುತಂದ ಪುಸ್ತಕ ಹೋದರೆ ಮತ್ತೊಂದನ್ನು ತರಬಹುದು. ಆದರೆ ಗಡಿನಾಡಿನ ಕನ್ನಡ ಶಾಲೆಯ ಹಾಜರಿ ಪುಸ್ತಕ, ಕೈಬರಹದ ಪತ್ರಿಕೆ, ವಾರ್ಷಿಕೋತ್ಸವದ ಭಾವಚಿತ್ರ ಇವುಗಳಿಗೆ ಎರಡನೆಯ ಪ್ರತಿ ಇರುವುದು ವಿರಳ. ಆದುದರಿಂದ ಪಟ್ಟಿಯನ್ನು ಮುಟ್ಟುವ ಮೊದಲು ಇಡೀ ಫೋಲ್ಡರಿನ ಒಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇರಿಸಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ. ನಮ್ಮ ಗುರುಗಳು ದಾಖಲೆಗಳನ್ನು ಗೆದ್ದಲಿನಿಂದ ಕಾಪಾಡಿ ನಮಗೆ ಒಪ್ಪಿಸಿದರು. ಅವುಗಳನ್ನು ಅಜಾಗರೂಕ ಬೆರಳುಗಳಿಂದ ಕಾಪಾಡುವುದು ನಮ್ಮ ಸರದಿ.