ಪಟ್ಟು ಹೊಳೆಯುವ ಗಳಿಗೆ

ಗರಡಿಯಲ್ಲಿ ಸಾಮು ಮಾಡಿದವರಾಗಲಿ, ಬೇರೆ ದೇಶಗಳ ಮಲ್ಲವಿದ್ಯೆಗಳನ್ನು ಕಲಿತವರಾಗಲಿ ಒಂದು ಅನುಭವವನ್ನು ಹೇಳುವುದುಂಟು. ತಿಂಗಳುಗಟ್ಟಲೆ ಹೆಣಗಿದರೂ ಕೈವಶವಾಗದ ಪಟ್ಟೊಂದು ಒಂದು ದಿನ ತಾನೇ ತಾನಾಗಿ ಕೂಡಿಬರುತ್ತದೆ. ‘ಓಹೋ, ಇದರ ಮರ್ಮ ಇಷ್ಟೇ!’ ಎಂದು ಮನಸ್ಸಿಗೆ ಹೊಳೆಯುತ್ತದೆ. ನಿನ್ನೆಯವರೆಗೆ ಬಂಡೆಯಂತೆ ನಿಲ್ಲುತ್ತಿದ್ದ ಎದುರಾಳಿ ಇಂದು ಹಗುರವಾಗಿ ಉರುಳುತ್ತಾನೆ. ಇದನ್ನು ಗುರುಕೃಪೆಯೆಂದೋ ಹುಟ್ಟಿನಿಂದ ಬಂದ ಪ್ರತಿಭೆಯೆಂದೋ ಹೇಳಿ ಸುಮ್ಮನಾಗುವುದು ಸುಲಭ. ಆದರೆ ಹಾಗೆಂದರೆ, ಇನ್ನೂ ಹೊಳೆಯದೆ ಉಳಿದ ವಿದ್ಯಾರ್ಥಿಯು ತನಗೆ ಆ ಭಾಗ್ಯವಿಲ್ಲವೆಂದು ಬಗೆದು ಕಲಿಕೆಯನ್ನೇ ಬಿಟ್ಟುಬಿಡುತ್ತಾನೆ. ಆದುದರಿಂದ ಈ ಹೊಳಹು ಎಲ್ಲಿಂದ ಬರುತ್ತದೆಂಬುದನ್ನು ವಿಚಾರಿಸುವುದು ಅವಶ್ಯಕ. ಜೂಡೋ ವಿದ್ಯೆಯ ಸ್ಥಾಪಕನಾದ ಜಪಾನಿನ ಕಾನೋ ಜಿಗೊರೊ ತನ್ನ ಜೀವನದ ಇಂಥ ಒಂದು ಪ್ರಸಂಗವನ್ನು ತಾನೇ ವಿವರಿಸಿದ್ದಾನೆ. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಕಾನೋ ಹುಟ್ಟಿದ್ದು 1860ರಲ್ಲಿ. ಮೈಕಟ್ಟಿನಲ್ಲಿ ಸಣ್ಣವನಾಗಿದ್ದುದರಿಂದ ಶಾಲೆಯಲ್ಲಿ ಬಲಿಷ್ಠರಾದ ಹುಡುಗರ ಕಾಟವನ್ನು ಸಹಿಸಬೇಕಾಯಿತು. 1877ರಲ್ಲಿ, ಟೋಕಿಯೋದಲ್ಲಿ ವಿದ್ಯಾರ್ಥಿಯಾಗಿದ್ದಾಗ, ಫುಕುದಾ ಹಾಚಿನೊಸುಕೆ ಎಂಬ ಗುರುವಿನ ಬಳಿ ಜುಜುತ್ಸುವನ್ನು ಕಲಿಯತೊಡಗಿದನು. ಇದು ಸಮುರಾಯಿಗಳ ಕಾಲದಿಂದ ಬಂದ, ಆಯುಧವಿಲ್ಲದೆ ಹೋರಾಡುವ ವಿದ್ಯೆ. ಒಂದು ದಿನ ಗುರುವು ಅವನನ್ನು ಎತ್ತಿ ಕೆಡವಿದಾಗ, ‘ಕೈಯನ್ನು ಹೇಗೆ ಚಲಿಸಬೇಕು, ಕಾಲನ್ನು ಎಲ್ಲಿಡಬೇಕು?’ ಎಂದು ಕಾನೋ ಕೇಳಿದನು. ಗುರುವು ಉತ್ತರ ಕೊಡುವ ಬದಲು ಮತ್ತೊಮ್ಮೆ ಕೆಡವಿದನು. ಪುನಃ ಕೇಳಿದಾಗ ಪುನಃ ಕೆಡವಿದನು. ವಿವರಣೆಯಿಂದ ಇದು ಬರುವುದಿಲ್ಲ, ಬಿದ್ದು ಬಿದ್ದೇ ಬರಬೇಕು ಎಂಬುದು ಫುಕುದಾನ ಮತ. ಇಂದಿನ ವಿದ್ಯಾರ್ಥಿಗಳಿಗೆ ಈ ಬೋಧನಕ್ರಮ ರುಚಿಸಲಾರದು. ಆದರೂ ಅದರಲ್ಲಿ ಎಷ್ಟು ಸತ್ಯವಿದೆಯೆಂಬುದನ್ನು ಮುಂದೆ ನೋಡುವೆವು.

ಸುಮ್ಮನೆ ಬೀಳುತ್ತಾ ಕುಳಿತಿರುವ ಸ್ವಭಾವ ಕಾನೋನದಾಗಿರಲಿಲ್ಲ. ಜೊತೆಯ ಶಿಷ್ಯರಲ್ಲಿ ಫುಕುಷಿಮಾ ಎಂಬ ಭಾರಿ ಆಳನ್ನು ಸೋಲಿಸಲು ಸಾಧ್ಯವಾಗದಿದ್ದಾಗ, ಪಾಶ್ಚಾತ್ಯ ಕುಸ್ತಿಯ ಪುಸ್ತಕಗಳನ್ನು ಹುಡುಕಿ ಓದಿದನು; ಎದುರಾಳಿಯನ್ನು ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಕೆಡವುವ ಪಟ್ಟನ್ನು ರೂಪಿಸಿಕೊಂಡು ಅವನನ್ನು ಗೆದ್ದನು. 1882ರಲ್ಲಿ ಎಯಿಷೋಜಿ ದೇವಾಲಯದಲ್ಲಿ ಸ್ವಲ್ಪ ಸ್ಥಳವನ್ನು ಪಡೆದು, 12 ಚಾಪೆಗಳ ಕೊಠಡಿಯಲ್ಲಿ ಕೋಡೋಕಾನ್ ಎಂಬ ತನ್ನ ಶಾಲೆಯನ್ನು ಆರಂಭಿಸಿದನು. ಹಾಗಿದ್ದರೂ ಅವನ ಶಿಷ್ಯವೃತ್ತಿ ಮುಗಿದಿರಲಿಲ್ಲ. ಕಿತೋ ಪಂಥದ ಇಯಿಕುಬೊ ಎಂಬ ಐವತ್ತರ ಸುಮಾರಿನ ಗುರುವಿನೊಡನೆ ಸೆಣಸಿದಾಗಲೆಲ್ಲ ಬೀಳುತ್ತಿದ್ದವನು ಕಾನೋನೇ.

ಸುಮಾರು 1885ರಲ್ಲಿ ಒಂದು ದಿನ ಈ ಕ್ರಮ ತಲೆಕೆಳಗಾಯಿತು. ಶಿಷ್ಯನು ಗುರುವನ್ನು ಮೇಲಿಂದ ಮೇಲೆ ಕೆಡವಿದನು. ಗುರುವಿನ ಪಟ್ಟು ಒಂದೂ ಸಾಗಲಿಲ್ಲ. ಇಯಿಕುಬೊ ಆಶ್ಚರ್ಯದಿಂದ ಕಾರಣವನ್ನು ಕೇಳಿದಾಗ, ಕೆಡವುವುದಕ್ಕೆ ಮೊದಲು ಎದುರಾಳಿಯ ನಿಲುವನ್ನು ಕೆಡಿಸುವ ಬಗೆಯನ್ನು ತಾನು ಅಭ್ಯಸಿಸುತ್ತಿರುವುದಾಗಿ ಕಾನೋ ತಿಳಿಸಿದನು. ಇನ್ನು ನಿನಗೆ ಕಲಿಸಬೇಕಾದುದೇನೂ ಇಲ್ಲವೆಂದು ಆ ಹಿರಿಯನು ಒಪ್ಪಿಕೊಂಡನು. ಹಾಗೆ ಒಪ್ಪಿಕೊಂಡ ಗುರುವಿನ ದೊಡ್ಡತನವೂ ಇಲ್ಲಿ ಗಮನಾರ್ಹವೆಂದು ನಮಗೆ ತೋರುತ್ತದೆ.

ಕಾನೋ ಕಂಡುಕೊಂಡುದನ್ನು ಭೌತವಿಜ್ಞಾನದ ಭಾಷೆಯಲ್ಲಿ ಹೀಗೆ ಹೇಳಬಹುದು. ನೆಟ್ಟಗೆ ನಿಂತ ಮನುಷ್ಯನ ಗುರುತ್ವ ಕೇಂದ್ರವು ಹೊಕ್ಕುಳಿಗಿಂತ ಸ್ವಲ್ಪ ಕೆಳಗಿರುತ್ತದೆ. ಅಲ್ಲಿಂದ ನೆಲಕ್ಕೆ ಎಳೆದ ಲಂಬರೇಖೆಯು ಎರಡು ಪಾದಗಳೂ ಅವುಗಳ ನಡುವಿನ ಜಾಗವೂ ಸೇರಿದ ಆಧಾರಕ್ಷೇತ್ರದೊಳಗೆ ಬೀಳುವವರೆಗೆ ಅವನು ನಿಲ್ಲಬಲ್ಲನು. ಹೊರಗೆ ಬಿದ್ದರೆ ಹೆಜ್ಜೆಯನ್ನು ಬದಲಿಸಬೇಕು, ಇಲ್ಲವೇ ಉರುಳಬೇಕು. ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಿಮ್ಮಡಿಗಳು ಗೋಡೆಗೆ ತಾಗುವಂತೆ, ಗೋಡೆಗೆ ಬೆನ್ನು ಮಾಡಿ ನಿಂತು, ಮಂಡಿಯನ್ನು ಮಡಿಸದೆ, ಮುಂದಿಟ್ಟ ನಾಣ್ಯವನ್ನು ಬಗ್ಗಿ ಎತ್ತಲು ಯತ್ನಿಸಿರಿ. ಮುಗ್ಗರಿಸುವಿರಿ. ನಾವು ಬಗ್ಗುವಾಗಲೆಲ್ಲ ಸೊಂಟವು ನಮಗೆ ತಿಳಿಯದಂತೆ ಹಿಂದಕ್ಕೆ ಸರಿದು ಸಮತೋಲವನ್ನು ಕಾಯುತ್ತದೆ. ಗೋಡೆಯು ಅದಕ್ಕೆ ಅವಕಾಶ ಕೊಡುವುದಿಲ್ಲ.

ಕಾಲುಗಳನ್ನು ಅಕ್ಕಪಕ್ಕದಲ್ಲಿ ಅಗಲಿಸಿ ನಿಂತವನನ್ನು ಪಕ್ಕಕ್ಕೆ ತಳ್ಳುವುದು ಕಷ್ಟ. ಮುಂದಕ್ಕೋ ಹಿಂದಕ್ಕೋ ಆದರೆ ಅವನ ಆಧಾರವು ಒಂದು ಪಾದದಷ್ಟು ಮಾತ್ರ. ಒಂದು ಕಾಲನ್ನು ಮುಂದಿಟ್ಟರೆ ದುರ್ಬಲವಾದ ದಿಕ್ಕೂ ಬದಲಾಗುತ್ತದೆ. ಅಂದರೆ ಎಷ್ಟೇ ಬಲಶಾಲಿಯಾದರೂ ಪ್ರತಿ ಹೆಜ್ಜೆಯಲ್ಲಿಯೂ ಅವನಿಗೆ ಒಂದು ದುರ್ಬಲ ದಿಕ್ಕು ಇದ್ದೇ ಇರುತ್ತದೆ. ಜೂಡೋದಲ್ಲಿ ಇಂಥ ದಿಕ್ಕುಗಳನ್ನು ಎಂಟು ಎಂದು ಎಣಿಸುತ್ತಾರೆ. ಜೊತೆಗೆ, ತಳ್ಳಿದರೆ ಎದುರು ತಳ್ಳುವುದು, ಎಳೆದರೆ ಹಿಂದಕ್ಕೆ ಬಾಗುವುದು ದೇಹದ ಸಹಜ ಪ್ರತಿಕ್ರಿಯೆ. ಕಾನೋ ಕೊಡುತ್ತಿದ್ದ ಲೆಕ್ಕ ಇದು: ಎದುರಾಳಿಯ ಬಲ 10, ನನ್ನದು 7 ಇರಲಿ. ಅವನು ತಳ್ಳಿದಾಗ ಎದುರಿಸಿದರೆ ಸೋಲು ನನ್ನದು. ತಳ್ಳಿದಷ್ಟೂ ಹಿಂದೆ ಸರಿದರೆ ಅವನು ಮುಂದಕ್ಕೆ ವಾಲಿ, ಅವನ ಬಲ 3ಕ್ಕೆ ಇಳಿಯುತ್ತದೆ. ನನ್ನ 7 ಹಾಗೆಯೇ ಉಳಿದಿರುತ್ತದೆ.

ತತ್ತ್ವವು ಇಷ್ಟು ಸರಳವಾಗಿರುವಾಗ ಅದನ್ನು ಮೊದಲ ದಿನವೇ ಹೇಳಿಕೊಡಬಾರದೇಕೆ? ಎದುರಾಳಿಯು ಮುಂದಿಟ್ಟ ಪಾದದ ಮೇಲೆ ಭಾರವು ಬೀಳುವ ಸಮಯ ಸೆಕೆಂಡಿನ ಒಂದು ಅಂಶ ಮಾತ್ರ. ಆಗ ಸೂತ್ರವನ್ನು ನೆನೆದು, ದಿಕ್ಕನ್ನು ಎಣಿಸಿ, ಕೈಯನ್ನು ಆಡಿಸಲು ಬಿಡುವಿಲ್ಲ. ಅಂಗಿಯನ್ನು ಹಿಡಿದ ಬೆರಳುಗಳಿಗೇ ಎದುರಾಳಿಯ ತೂಕದ ಅಲುಗಾಟ ತಿಳಿಯಬೇಕು. ಅದು ಬರುವುದು ಸಾವಿರಾರು ಸಲ ಹಿಡಿದು, ಬಿದ್ದು, ಎದ್ದ ಮೇಲೆ. ಕಾನೋನ 1885ರ ಹೊಳಹಿನ ಹಿಂದೆ ಎಂಟು ವರ್ಷಗಳ ಬೀಳುವಿಕೆಯಿತ್ತು.

ಮನಶ್ಶಾಸ್ತ್ರದ ಪ್ರಯೋಗಗಳು ಈ ಮಾತನ್ನು ಬೆಂಬಲಿಸುತ್ತವೆ. ಜರ್ಮನಿಯ ಕೋಲರ್ ಎಂಬ ವಿಜ್ಞಾನಿಯು ಟೆನೆರೀಫ್ ದ್ವೀಪದಲ್ಲಿ ಚಿಂಪಾಂಜಿಗಳನ್ನು ಪರೀಕ್ಷಿಸಿ, ಸುಲ್ತಾನ್ ಎಂಬ ಚಿಂಪಾಂಜಿಯು ಎರಡು ಕೋಲುಗಳನ್ನು ಜೋಡಿಸಿ ಹಣ್ಣನ್ನು ಎಳೆದುಕೊಂಡುದನ್ನು 1917ರಲ್ಲಿ ಪ್ರಕಟಿಸಿದಾಗ, ಹಠಾತ್ತಾದ ಅಂತರ್ದೃಷ್ಟಿಗೆ ಅದು ಪ್ರಸಿದ್ಧ ನಿದರ್ಶನವಾಯಿತು. 1945ರಲ್ಲಿ ಬರ್ಚ್ ಎಂಬವನು ತೋರಿಸಿದ ಸಂಗತಿ ಅಷ್ಟು ಪ್ರಸಿದ್ಧವಲ್ಲ. ನಮ್ಮ ವಿಷಯಕ್ಕೆ ಅದೇ ಮುಖ್ಯ. ಕೋಲಿನೊಡನೆ ಆಡಿ ಅಭ್ಯಾಸವಿಲ್ಲದ ಚಿಂಪಾಂಜಿಗಳಿಗೆ ಕೋಲಿನಿಂದ ಆಹಾರವನ್ನು ಎಳೆದುಕೊಳ್ಳುವ ಉಪಾಯ ಸುಲಭವಾಗಿ ಹೊಳೆಯಲಿಲ್ಲ. ಮೂರು ದಿನ ಕೋಲುಗಳನ್ನು ಆಟಕ್ಕೆ ಬಿಟ್ಟ ಮೇಲೆ ಬೇಗನೆ ಹೊಳೆಯಿತು. ಅಂತರ್ದೃಷ್ಟಿಗೂ ಸಾಮಗ್ರಿ ಬೇಕು.

ಹಾಗಾದರೆ ಫುಕುದಾನೇ ಸರಿಯೆ? ಕೈಗೆ ಅಭ್ಯಾಸವಿದ್ದರೆ ಸಾಕೆ, ತತ್ತ್ವವು ಬೇಡವೆ? ಅಮೆರಿಕದ ಜಡ್ ಎಂಬವನು 1908ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಸೊಗಸಾದ ಉತ್ತರ ಕೊಡುತ್ತದೆ. ಅವನು ಶಾಲಾಬಾಲಕರ ಎರಡು ಗುಂಪುಗಳಿಗೆ ನೀರಿನೊಳಗೆ 12 ಅಂಗುಲ ಆಳದಲ್ಲಿದ್ದ ಗುರಿಗೆ ಈಟಿಯಂಥ ಮೊಳೆಗಳನ್ನು ಎಸೆಯುವ ಕೆಲಸವನ್ನು ಕೊಟ್ಟನು. ಬೆಳಕಿನ ವಕ್ರೀಭವನದಿಂದ ಗುರಿಯು ಇರುವಲ್ಲಿ ಕಾಣದೆ ಬೇರೆಡೆ ಕಾಣುತ್ತದೆ. ಒಂದು ಗುಂಪಿಗೆ ಮಾತ್ರ ವಕ್ರೀಭವನದ ತತ್ತ್ವವನ್ನು ಬೋಧಿಸಲಾಗಿತ್ತು. ಮೊದಲಲ್ಲಿ ಅದರಿಂದ ಏನೂ ಪ್ರಯೋಜನ ಕಾಣಲಿಲ್ಲ. ಎರಡು ಗುಂಪುಗಳೂ ಅಭ್ಯಾಸದಿಂದಲೇ ಗುರಿಯನ್ನು ಕಲಿಯಬೇಕಾಯಿತು. ಅನಂತರ ಗುರಿಯನ್ನು 4 ಅಂಗುಲ ಆಳಕ್ಕೆ ತಂದಾಗ ವ್ಯತ್ಯಾಸ ಕಂಡಿತು. ತತ್ತ್ವವನ್ನರಿತ ಹುಡುಗರು ಬೇಗನೆ ಹೊಂದಿಕೊಂಡರು. ಉಳಿದವರು ಹಳೆಯ ಅಭ್ಯಾಸದಲ್ಲಿ ಸಿಕ್ಕಿ ತೊಡಕಿಗೊಳಗಾದರು.

ಕುಸ್ತಿಯ ಕಣದಲ್ಲಿ ಗುರಿಯ ಆಳ ಪ್ರತಿಕ್ಷಣವೂ ಬದಲಾಗುತ್ತಿರುತ್ತದೆ. ಕುಳ್ಳನೊಡನೆ ಸಾಧಿಸಿದ ಪಟ್ಟು ಎತ್ತರದವನೊಡನೆ ಸಾಗುವುದಿಲ್ಲ. ಒಂದು ದಿನ ‘ಮರ್ಮ ತಿಳಿಯಿತು’ ಎಂದು ಹಿಗ್ಗಿದವನು ಮರುದಿನ ಹೊಸಬನೊಬ್ಬನ ಮುಂದೆ ಬಿದ್ದು ಬೆರಗಾಗುವುದೂ ಇದರಿಂದಲೇ. ಹೊಳೆದದ್ದು ಒಂದು ಪಟ್ಟಿನ ಚಮತ್ಕಾರವೋ, ಎಲ್ಲ ಪಟ್ಟುಗಳಿಗೂ ಆಧಾರವಾದ ಸಂಬಂಧವೋ ಎಂಬುದನ್ನು ನಿರ್ಣಯಿಸುವವನು ಬೇರೆ ಮೈಕಟ್ಟಿನ ಎದುರಾಳಿಯೇ ಹೊರತು ನಮ್ಮ ಸಂತೋಷವಲ್ಲ.

ಕಾನೋ ತನ್ನ ಶಾಲೆಯ ಪಾಠಕ್ರಮದಲ್ಲಿ ಎರಡಕ್ಕೂ ಸ್ಥಾನ ಕೊಟ್ಟನು. ನಿಯತವಾದ ಚಲನೆಗಳ ಅಭ್ಯಾಸ ಒಂದು, ಸ್ವಚ್ಛಂದವಾದ ಸೆಣಸಾಟ ಮತ್ತೊಂದು; ಇವೆರಡರ ಜೊತೆಗೆ ಉಪನ್ಯಾಸ ಮತ್ತು ಪ್ರಶ್ನೋತ್ತರಗಳನ್ನೂ ಸೇರಿಸಿದನು. ಕೈಯನ್ನು ಹೇಗೆ ಚಲಿಸಬೇಕು, ಕಾಲನ್ನು ಎಲ್ಲಿಡಬೇಕು ಎಂದು ಶಿಷ್ಯರು ಅಲ್ಲಿ ಕೇಳಬಹುದಾಗಿತ್ತು, ಉತ್ತರವೂ ದೊರೆಯುತ್ತಿತ್ತು. ಆಮೇಲೆ ಅವರು ಚಾಪೆಗೆ ಹಿಂದಿರುಗಿ ಬೀಳುತ್ತಿದ್ದರು.