ಸಾರ್ವಜನಿಕ ಸಂಪರ್ಕ: ವೃತ್ತಿಸಂಹಿತೆ ಮತ್ತು ವಿಶ್ವಾಸಾರ್ಹತೆ

ಸಂಹಿತೆ: 1965ರಲ್ಲಿ ಅಥೆನ್ಸ್ ನಗರದಲ್ಲಿ ಅಂತರರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ಸಂಘವು ಅಂಗೀಕರಿಸಿದ, ಸತ್ಯನಿಷ್ಠೆಯನ್ನೂ ಮಾನವಘನತೆಯನ್ನೂ ಎತ್ತಿಹಿಡಿವ ನೀತಿಸಂಹಿತೆಯನ್ನು, 1958ರಲ್ಲಿ ಸ್ಥಾಪಿತವಾದ ಭಾರತೀಯ ಸಾರ್ವಜನಿಕ ಸಂಪರ್ಕ ಸಂಸ್ಥೆಯು (ಪಿಆರ್‌ಎಸ್‌ಐ) 1968ರ ಏಪ್ರಿಲ್ 21ರಂದು ದೆಹಲಿಯ ಸಮ್ಮೇಳನದಲ್ಲಿ ಸ್ವೀಕರಿಸಿದುದರಿಂದ, ಆ ದಿನವು ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವೆನಿಸಿದೆ.

ಕರ್ನಾಟಕ: ರಾಜ್ಯ ಸರ್ಕಾರದ ಪರವಾಗಿ ಸಾರ್ವಜನಿಕ ಸಂಪರ್ಕದ ಹೊಣೆ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯದು.

ಅನ್ವಯ: 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ನಿಗದಿಯಾಯಿತು; ಇಂತಹ ಬೆಲೆಯನ್ನು ಸಾರುವ ಪ್ರಕಟಣೆಯಲ್ಲಿ ದರದೊಡನೆ ಗುಣಮಟ್ಟ, ನೋಂದಣಿಯ ಅವಧಿ, ಖರೀದಿಯ ಮಿತಿಗಳು ಸ್ಪಷ್ಟವಾಗಿರದಿದ್ದರೆ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ತಂದ ಹಂದನಕೆರೆಯ ರೈತನು ಬರಿಗೈಯಲ್ಲಿ ಮರಳುವನಲ್ಲದೆ, ಮುಂದಿನ ಪ್ರಕಟಣೆಯನ್ನೂ ನಂಬನು.

ವ್ಯತಿರಿಕ್ತ ನಿದರ್ಶನ: ದಕ್ಷಿಣ ಆಫ್ರಿಕದಲ್ಲಿ ಜನಾಂಗೀಯ ವೈಷಮ್ಯ ಕೆರಳಿಸಿದ ಪ್ರಚಾರಕ್ಕಾಗಿ ಬ್ರಿಟನ್ನಿನ ಬೆಲ್ ಪಾಟಿಂಜರ್ ಸಂಸ್ಥೆಯು 2017ರಲ್ಲಿ ವೃತ್ತಿಸಂಘದಿಂದ ಉಚ್ಚಾಟಿತವಾಗಿ, ಕೆಲವೇ ದಿನಗಳಲ್ಲಿ ಕುಸಿಯಿತು.